ಕ್ರಿಸ್ಮಸ್ ರಜೆಗೆ ಮನೆಯವರೆಲ್ಲ ಟೆಂಟ್ ಹಾಕಿ ಮಲಗಬೇಕು: ಕಾಸರಗೋಡಿನಲ್ಲಿ ಎಲ್ಲಿ, ಹೇಗೆ?

ನೀರ್ಚಾಲಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕ ಹತ್ತಿರ ನೀರ್ಚಾಲಿನವರು. ಮಗ ಆರನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಇಬ್ಬರಿಗೂ ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕಂತೆ. ಓಣಂ ರಜೆಯಿಂದ ಇದೇ ಮಾತು. ಕ್ರಿಸ್ಮಸ್ ಪರೀಕ್ಷೆ ಮುಗಿಯಲಿ, ಹೋಗೋಣ ಅಂತ ಮಾತು ಕೊಟ್ಟಿದ್ದೇನೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕು.

ನನ್ನ ಅಣ್ಣನ ಸಂಸಾರ ಪುತ್ತೂರಿನಲ್ಲಿ. ಅವನಿಗೂ ಇಬ್ಬರು ಮಕ್ಕಳು, ಅವರೂ ಬರಬೇಕು. ನಾವು ಕೇರಳ, ಅವರು ಕರ್ನಾಟಕ, ಬೇಸಿಗೆ ರಜೆ ಬಿಟ್ಟರೆ ನಮ್ಮ ರಜೆ ಅವರ ರಜೆ ಕೂಡಿ ಬರುವುದಿಲ್ಲ. ಅವರಿಗೆ ದಸರಾ ರಜೆ ಇದ್ದಾಗ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ನಮಗೆ ಕ್ರಿಸ್ಮಸ್ ರಜೆ ಹತ್ತು ದಿನ ಸಿಕ್ಕರೆ ಅವರಿಗೆ ಒಂದೇ ದಿನ. ಹಾಗಾಗಿ ಡಿಸೆಂಬರಿನ ಒಂದು ಶನಿವಾರ, ಭಾನುವಾರ ಅಂತ ಯೋಚಿಸಿದ್ದೇವೆ. ಅತ್ತೆಯೂ ಬರುತ್ತಾರೆ. 70 ದಾಟಿದೆ, ಮಂಡಿ ನೋವುಂಟು, ಆದರೆ ಮೊಮ್ಮಕ್ಕಳನ್ನು ಬಿಟ್ಟು ಮನೆಯಲ್ಲಿ ಕೂರಲು ಅವರಿಗೆ ಮನಸ್ಸಿಲ್ಲ. ನನಗೂ ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಮೂರು ಜಾಗ ಮನಸ್ಸಿನಲ್ಲಿವೆ. ರಾಣಿಪುರಂ, ಮುಳ್ಳೇರಿಯ ಕಡೆ ಗೆಳತಿಯ ತೋಟ, ಇಲ್ಲಾಂದರೆ ಪೆರ್ಲದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪನ ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ದೊಡ್ಡ ಪದವು, ಅಂದರೆ ಮರವಿಲ್ಲದ ಸಮತಟ್ಟು ಬಯಲು. ಇವರು ಹೇಳುವುದು ಮೊದಲು ಮಂಗಳೂರಿಗೆ ಹೋಗಿ ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲ ತರೋಣ, ಜಾಗ ಆಮೇಲೆ ನೋಡೋಣ ಅಂತ. ನೀವೇನು ಹೇಳುತ್ತೀರಿ? ಹಾವಿನ ಹೆದರಿಕೆಯೂ ಉಂಟು. ಮಾಡಿ ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಮುಳ್ಳೇರಿಯದ ತೋಟದವ:

ಅಕ್ಕಾ, ನಮ್ಮ ಕಡೆ ಬೇಡ. ನಿಮ್ಮ ಗೆಳತಿಯೂ ಇದನ್ನೇ ಹೇಳಿಯಾರು. ಕಾರಡ್ಕ, ಮುಳಿಯಾರು, ದೇಲಂಪಾಡಿ ಈ ಮೂರೂ ಪಂಚಾಯತ್‌ಗಳಲ್ಲಿ ಆನೆ ತೋಟಕ್ಕೆ ಇಳಿಯುತ್ತದೆ. ಸೋಲಾರ್ ಬೇಲಿ ಬಂದ ಮೇಲೆ ಸ್ವಲ್ಪ ಕಡಿಮೆ. ಆದರೆ ಬಾಳೆ ಇದ್ದ ತೋಟದಲ್ಲಿ ಮಕ್ಕಳನ್ನು ಹೊರಗೆ ಮಲಗಿಸುವಷ್ಟು ಧೈರ್ಯ ನಮಗೇ ಇಲ್ಲ. ರಾತ್ರಿ ನಾಯಿ ಬೊಗಳುವ ರೀತಿ ಬದಲಾದರೆ ನಾವು ಟಾರ್ಚ್ ಹಿಡಿದು ಜಗಲಿಯಲ್ಲೇ ನಿಲ್ಲುತ್ತೇವೆ, ಅಂಗಳಕ್ಕೆ ಇಳಿಯುವುದಿಲ್ಲ. ಹಗಲು ಬನ್ನಿ, ಊಟ ಮಾಡಿ, ಪಯಸ್ವಿನಿ ಹೊಳೆ ನೋಡಿ, ಸಂಜೆಯ ಮೊದಲು ಹೊರಡಿ. ಮಲಗಲು ಬೇರೆ ಜಾಗ ನೋಡಿ.

ಪದವಿನ ಮಾಷ್ಟ್ರು:

ತಂಗೀ, ನಾನು ಪೈವಳಿಕೆ ಕಡೆಯವನು. ಶಾಲೆಯಲ್ಲಿದ್ದಷ್ಟು ಕಾಲ ಸ್ಕೌಟ್ ಮಕ್ಕಳ ಕ್ಯಾಂಪ್ ನನ್ನ ಜವಾಬ್ದಾರಿ. ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಗೊತ್ತಿದ್ದದ್ದು ಹೇಳುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ಜಾಗ, ಆಮೇಲೆ ಸಾಮಾನು. ಯಜಮಾನರಿಗೆ ಇದೊಂದು ಮಾತು ಒಪ್ಪಿಸಿ. ಯಾಕೆ ಅಂದರೆ ನಮ್ಮ ಊರಿನ ನೆಲ ಬೇರೆ. ಕ್ಯಾಂಪಿಂಗ್ ಬಗ್ಗೆ ಎಲ್ಲಿ ಓದಿದರೂ ಗೂಟ ಹೊಡೆಯಿರಿ, ಗುಂಡಿ ತೋಡಿ, ಬೆಂಕಿ ಹಾಕಿ ಅಂತ ಇರುತ್ತದೆ. ಪದವಿನ ಮೇಲೆ ಈ ಮೂರೂ ಆಗುವುದಿಲ್ಲ. ಅದು ಮುರಕಲ್ಲು, ಅಂದರೆ ಗಟ್ಟಿ ಕೆಂಪುಕಲ್ಲಿನ ನೆಲ. ಟೆಂಟಿನ ಜೊತೆ ಬರುವ ಸಪೂರ ಗೂಟವನ್ನು ಅದಕ್ಕೆ ಹೊಡೆದರೆ ಎರಡೇ ಪೆಟ್ಟಿಗೆ ಬಗ್ಗುತ್ತದೆ. ಅದಕ್ಕೇ ಗೂಟ ಇಲ್ಲದೆಯೂ ತನ್ನಷ್ಟಕ್ಕೆ ನಿಲ್ಲುವ ಗುಮ್ಮಟದ ಆಕಾರದ ಟೆಂಟೇ ತೆಗೆಯಿರಿ. ಎರಡು ಕೋಲು ಕತ್ತರಿ ಹಾಗೆ ದಾಟಿ ಹೋಗುತ್ತವಲ್ಲ, ಆ ಜಾತಿಯದ್ದು. ಹಗ್ಗ ಕಟ್ಟಲು ಕಟ್ಟಡದ ಕೆಂಪುಕಲ್ಲು ಸಾಕು. ಒಂದು ಮೂಲೆಗೆ ಒಂದರ ಹಾಗೆ ನಾಲ್ಕು ಇಡೀ ಕಲ್ಲು. ಹಗ್ಗವನ್ನು ನೇರ ಕಲ್ಲಿಗೆ ಸುತ್ತಬೇಡಿ. ಮುರಕಲ್ಲಿನ ಅಂಚು ಹರಿತ, ರಾತ್ರಿ ಗಾಳಿಗೆ ಉಜ್ಜಿ ಉಜ್ಜಿ ಬೆಳಿಗ್ಗೆ ಹೊತ್ತಿಗೆ ಹಗ್ಗ ಸವೆದಿರುತ್ತದೆ. ಗೋಣಿಚೀಲದ ತುಂಡು ಸುತ್ತಿ ಅದರ ಮೇಲೆ ಕಟ್ಟಿ. ಟೆಂಟಿನ ಅಡಿಗೂ ಹಾಗೆಯೇ. ಮೊದಲು ಹಳೆಯ ಚಾಪೆ, ಅದರ ಮೇಲೆ ತರ್ಪಾಲು, ಅದರ ಮೇಲೆ ಟೆಂಟು. ತರ್ಪಾಲು ಟೆಂಟಿಗಿಂತ ಒಂದು ಗೇಣು ಚಿಕ್ಕದಿರಬೇಕು. ಹೊರಗೆ ಚಾಚಿದ್ದರೆ ಇಬ್ಬನಿ ನೀರು ಅದರಲ್ಲೇ ಇಳಿದು ಒಳಗೆ ಬರುತ್ತದೆ.

ಅಂಗಡಿಯವರು 4 ಜನರ ಟೆಂಟ್ ಅಂದರೆ ನಾಲ್ಕು ಜನ ಒತ್ತಿಕೊಂಡು ಮಲಗುವಷ್ಟು ಅಂತ ಅರ್ಥ. ಚೀಲ ಇಡಲು ಜಾಗ ಉಳಿಯುವುದಿಲ್ಲ. ನಿಮ್ಮ ಎರಡು ಸಂಸಾರಕ್ಕೆ ಎರಡು ಟೆಂಟ್ ಬೇಕು. ಒಂದನ್ನು ಕೊಂಡು, ಇನ್ನೊಂದನ್ನು ಪರಿಚಯದವರಿಂದ ಕೇಳಿ ತನ್ನಿ. ಸ್ಲೀಪಿಂಗ್ ಬ್ಯಾಗಿಗೆ ಈಗಲೇ ದುಡ್ಡು ಹಾಕಬೇಡಿ. ಪೆರ್ಲದಲ್ಲಿ ಡಿಸೆಂಬರಿನ ರಾತ್ರಿ ಒಂದು ಚಾದರ, ಒಂದು ಕಂಬಳಿಗೆ ನಿಲ್ಲುವ ಚಳಿ. ಆ ದುಡ್ಡಿಗೆ ಒಳ್ಳೆಯ ಹೆಡ್‌ಲ್ಯಾಂಪ್ ತೆಗೆಯಿರಿ, ಮಕ್ಕಳಿಗೆ ತಲೆಗೊಂದರಂತೆ. ಕೈ ಎರಡೂ ಖಾಲಿ ಇದ್ದರೆ ಮಗು ಬೀಳುವುದು ಕಡಿಮೆ.

ಈಗ ಜಾಗ. ರಾಣಿಪುರಂ ಚಂದದ ಊರು, ಸುಮಾರು 750 ಮೀಟರ್ ಎತ್ತರ. ಆದರೆ ಗುಡ್ಡ ಅರಣ್ಯ ಇಲಾಖೆಯದ್ದು. ಟಿಕೆಟ್ ತೆಗೆದು ಹಗಲು ಹತ್ತಿ ಇಳಿಯಬೇಕು, ಮೇಲಿನ ಹುಲ್ಲುಗಾವಲಿನಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಬಿಡಲೂ ಬಾರದು. ಆಚೆ ಬದಿಗೆ ತಲಕಾವೇರಿ ವನ್ಯಧಾಮ, ಆನೆ ಓಡಾಡುವ ಕಾಡು. ಅತ್ತೆಯವರ ಮಂಡಿಗೂ ಆ ಏರು ಬೇಡ.

ದೊಡ್ಡಪ್ಪನ ಮನೆಯೇ ಸರಿ. ಮೊದಲ ಸಲ ಸಂಸಾರ ಸಮೇತ ಮಲಗುವಾಗ, ನಡುರಾತ್ರಿ ಎದ್ದು ಟಾರ್ಚ್ ಹಿಡಿದು ನಡೆದರೆ ಒಂದು ಮನೆಯ ಬಾಗಿಲು ಸಿಗಬೇಕು. ಮಗಳು ಅಳಬಹುದು, ಅತ್ತೆಗೆ ಶೌಚಾಲಯ ಬೇಕಾಗಬಹುದು. ಮುರಕಲ್ಲಿನಲ್ಲಿ ಶೌಚಕ್ಕೆ ಗುಂಡಿ ತೋಡಲು ಆಗುವುದಿಲ್ಲ ಅಲ್ವಾ? ಕಾಡಿನಲ್ಲಿ ಒಂದು ಗೇಣು ಆಳ ತೋಡಿ ಮುಚ್ಚುತ್ತಾರೆ. ಪದವಿನಲ್ಲಿ ಮುಚ್ಚಲು ಮಣ್ಣೇ ಇಲ್ಲ. ಹಾಗಾಗಿ ಮನೆ ಹತ್ತಿರ ಬೇಕು.

ಇನ್ನು ಆ ಜಮೀನಿನಲ್ಲೇ ಎಲ್ಲಿ ಅಂತ. ಅಡಿಕೆ ತೋಟದ ಒಳಗೆ ಬೇಡ. ತೇವ, ಸೊಳ್ಳೆ, ಮೇಲಿಂದ ಹಾಳೆ ಬೀಳುತ್ತದೆ. ತೆಂಗಿನ ಮರದ ಬುಡ ಯಾವ ಕಾರಣಕ್ಕೂ ಬೇಡ. ಒಣ ಮಡಲು ಒಂದು ಬಿದ್ದರೂ ಟೆಂಟಿನ ಕೋಲು ಮುರಿಯುತ್ತದೆ, ತಲೆಯ ಗತಿ ಹೇಳಬೇಕಾಗಿಲ್ಲ. ಗೇರು ಮರದ ಕೆಳಗೆ ಚಗಳಿ ಇರುವೆ ಇಳಿಯುತ್ತದೆ. ಕೊಯ್ದ ಗದ್ದೆ ಇದ್ದರೆ ಗೂಟ ಚೆನ್ನಾಗಿ ಹಿಡಿಯುತ್ತದೆ, ಆದರೆ ಇಬ್ಬನಿ ಜಾಸ್ತಿ, ಇಲಿ ಜಾಸ್ತಿ, ಇಲಿಯ ಹಿಂದೆ ಹಾವು. ನನ್ನ ಆಯ್ಕೆ ಕೇಳಿದರೆ ಗುಡ್ಡ ಶುರುವಾಗುವಲ್ಲಿ ಹಳೆಯ ಬಣವೆ ಹಾಕುತ್ತಿದ್ದ ಜಾಗವೋ, ಅಡಿಕೆ ಒಣಗಿಸುವ ಅಂಗಳದ ಅಂಚೋ ಇದ್ದರೆ ಅದೇ. ಸಂಜೆ ಎಲ್ಲರೂ ಪದವಿಗೆ ಹತ್ತಿ ಸೂರ್ಯ ಮುಳುಗುವುದು ನೋಡಿ, ಕತ್ತಲಾಗುವ ಮೊದಲು ಇಳಿದು ಬನ್ನಿ.

ಅಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪದವಿನಲ್ಲಿ ಕಲ್ಲು ಕಡಿದು ಬಿಟ್ಟ ಕೋರೆ ಇದೆಯಾ ಅಂತ ದೊಡ್ಡಪ್ಪನವರನ್ನು ಕೇಳಿ. ನಮ್ಮಲ್ಲಿ ಎಲ್ಲಿ ಪದವೋ ಅಲ್ಲಿ ಕೋರೆ. ಗೋಡೆ ಹಾಗೆ ನೆಟ್ಟಗೆ ಇಳಿದ ಹೊಂಡ, ಬೇಲಿ ಇಲ್ಲ, ಅಂಚಿನವರೆಗೂ ಮುಳಿಹುಲ್ಲು ಬೆಳೆದಿರುತ್ತದೆ. ಹುಲ್ಲು ನೋಡಿ ಮಗು ಓಡಿದರೆ ಮುಗಿಯಿತು. ನೀವು ಹೋಗುವ ವಾರದ ಮೊದಲೇ ದೊಡ್ಡವರಿಬ್ಬರು ಹಗಲಿನಲ್ಲಿ ಇಡೀ ಪದವು ಸುತ್ತಿ ನೋಡಿ, ಕೋರೆ ಇರುವ ದಿಕ್ಕಿಗೆ ಬಣ್ಣದ ಬಟ್ಟೆ ಕಟ್ಟಿ. ಮಕ್ಕಳನ್ನು ಕೂರಿಸಿಕೊಂಡು ತೋರಿಸಿ, ಇದರಿಂದಾಚೆ ಇಲ್ಲ ಅಂತ. ಮಕ್ಕಳು ಕೇಳುತ್ತಾರೆ, ಕಾರಣ ಹೇಳಿದರೆ ಖಂಡಿತ ಕೇಳುತ್ತಾರೆ.

ಸುರಂಗ ಇದ್ದರೆ ಅದಕ್ಕೂ ಇದೇ ಮಾತು. ನೀರು ಬೀಳುವ ತೊಟ್ಟಿಯ ಹತ್ತಿರ ನಿಂತು ಎಲ್ಲರೂ ನೋಡಲಿ. ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಈ ಕೆಲಸ ಪುತ್ತೂರಿನ ಮಕ್ಕಳೂ ನೋಡಬೇಕಾದದ್ದೇ. ಆದರೆ ಒಳಗೆ ನುಗ್ಗಲು ಬಿಡಬೇಡಿ. ಒಳಗೆ ಗಾಳಿ ಕಡಿಮೆ, ಬಾವಲಿ ಇರುತ್ತದೆ, ಮಣ್ಣು ಕುಸಿಯುವುದೂ ಉಂಟು. ಆ ನೀರನ್ನು ಕುದಿಸಿ ಕುಡಿಯಿರಿ. ಕುಡಿಯಲು, ಅಡುಗೆಗೆ ತಲೆಗೆ 4 ಲೀಟರ್ ಹಿಡಿಯಿರಿ. ಒಂಬತ್ತು ಜನಕ್ಕೆ 20 ಲೀಟರಿನ ಎರಡು ಕ್ಯಾನ್. ಕೈಕಾಲು ತೊಳೆಯುವ ನೀರು ಬೇರೆ ಕೊಡದಲ್ಲಿ, ಟೆಂಟಿನ ಬಾಗಿಲಿನಿಂದ ದೂರ ಇರಲಿ.

ಕಾಞಂಗಾಡ್ ಸಿಸ್ಟರ್:

ಮಾಷ್ಟ್ರು ಹೇಳಿದ ಕೋರೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ಕೋರೆಯಲ್ಲಿ, ಮದಕದಲ್ಲಿ (ಗುಡ್ಡದ ಕೆರೆಯಲ್ಲಿ) ನಿಂತ ನೀರಿಗೆ ಮಕ್ಕಳನ್ನು ಇಳಿಸಲೇಬೇಡಿ. ಮೂಗಿನಿಂದ ಒಳಗೆ ಹೋಗಿ ಮೆದುಳಿಗೆ ಹತ್ತುವ ಅಮೀಬಾದಿಂದ 2024ರಲ್ಲಿ ಕೇರಳದಲ್ಲಿ ಮಕ್ಕಳು ತೀರಿಕೊಂಡರು. ಧುಮುಕಿ ಆಡುವಾಗ ನೀರು ಮೂಗಿಗೆ ರಭಸದಲ್ಲಿ ನುಗ್ಗುತ್ತದೆ, ಅಪಾಯ ಇರುವುದು ಅಲ್ಲೇ. ಕಾಲಿನಲ್ಲಿ ಗಾಯ ಇದ್ದವರು ಕೆಸರು ನೀರಿಗೆ ಇಳಿದರೆ ಇಲಿಜ್ವರದ ಭಯವೂ ಇದೆ.

ಅಮ್ಮಾ, ನೀವು ಹಾವು ಅಂದಿರಿ. ಟೆಂಟಿನ ಜಿಪ್ ಪೂರ್ತಿ ಎಳೆದಿದ್ದರೆ ಹಾವು ಒಳಗೆ ಬರುವುದಿಲ್ಲ. ನೆಲದಲ್ಲಿ ಚಾಪೆ ಹಾಸಿ ಮಲಗುವುದಕ್ಕಿಂತ ಇದೇ ಸುರಕ್ಷಿತ. ಕಟ್ಟುಹಾವು, ಅಂದರೆ ಕಡಂಬಳ, ರಾತ್ರಿ ಹೊತ್ತು ನೆಲದಲ್ಲಿ ಮಲಗಿದವರನ್ನೇ ಜಾಸ್ತಿ ಕಚ್ಚುವುದು. ನೋವು ಅಷ್ಟಾಗಿ ಇರುವುದಿಲ್ಲ, ಬಾವೂ ಬರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಶುರುವಾಗುತ್ತದೆ. ಹಾಗಾಗಿ ಜಿಪ್ಪಿನ ವಿಷಯದಲ್ಲಿ ಮಕ್ಕಳ ಜೊತೆ ಕಟ್ಟುನಿಟ್ಟಾಗಿರಿ. ಒಳಗೆ ಬಂದರೆ ಮುಚ್ಚು, ಹೊರಗೆ ಹೋದರೂ ಮುಚ್ಚು. ಚಪ್ಪಲಿ, ಬೂಟು ಹೊರಗೆ ಬಿಡದೆ ಚೀಲದಲ್ಲಿ ಹಾಕಿ ಒಳಗಿಡಿ. ಇಲ್ಲವಾದರೆ ಬೆಳಿಗ್ಗೆ ಕೊಡವಿ ಹಾಕಿ.

ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ಮೊದಲು ತೆಗೆಯಿರಿ. ಕೈಕಾಲು ಅಲುಗದ ಹಾಗೆ ಕೋಲು ಇಟ್ಟು ಬಟ್ಟೆ ಸುತ್ತಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ಕಾರು ಕೈಯಲ್ಲೇ ಇದ್ದರೆ ಕಾಯದೆ ಹೊರಡಿ. ನಮ್ಮ ದೇಶದ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಯಾವ ಹಾವು ಅಂತ ಹುಡುಕುತ್ತಾ ನಿಲ್ಲಬೇಡಿ, ಲಕ್ಷಣ ನೋಡಿ ಡಾಕ್ಟರೇ ತೀರ್ಮಾನ ಮಾಡುತ್ತಾರೆ. ಪೆರ್ಲಕ್ಕೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಈ ಔಷಧ ರಾತ್ರಿಯೂ ಸಿಗುತ್ತದೆ ಅಂತ ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ನಂಬರನ್ನು ಕಾಗದದಲ್ಲಿ ಬರೆದು ಕಾರಿನ ಕನ್ನಡಿಗೆ ಸಿಕ್ಕಿಸಿ. ಗುಡ್ಡದಲ್ಲಿ ರೇಂಜ್ ಎಲ್ಲಿ ಸಿಗುತ್ತದೆ ಅಂತಲೂ ನೋಡಿಟ್ಟುಕೊಳ್ಳಿ.

ಔಷಧದ ಡಬ್ಬಿಗೆ: ಅತ್ತೆಯವರ ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಹೆಚ್ಚುವರಿ. ಪ್ಯಾರಾಸಿಟಮಾಲ್ ಮಕ್ಕಳ ತೂಕಕ್ಕೆ ಸರಿಯಾದದ್ದು. ಓಆರ್‌ಎಸ್, ಬ್ಯಾಂಡೇಜ್, ಡೆಟಾಲ್. ಯಾರಿಗಾದರೂ ಉಬ್ಬಸ ಇದ್ದರೆ ಇನ್‌ಹೇಲರ್ ಮರೆಯಬೇಡಿ, ಇಬ್ಬನಿಗೆ ಕೆಲವರಿಗೆ ಜೋರಾಗುತ್ತದೆ.

ನೀರ್ಚಾಲಿನ ಅಮ್ಮ:

ಸಿಸ್ಟರ್, ಮಾಷ್ಟ್ರೇ, ತುಂಬ ಉಪಕಾರವಾಯಿತು. ಇದನ್ನೆಲ್ಲ ಇವರಿಗೂ ಓದಿ ಹೇಳಿದೆ. ಜಾಗ ದೊಡ್ಡಪ್ಪನ ಮನೆ ಅಂತ ಗಟ್ಟಿ ಮಾಡಿದ್ದೇವೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಕೋರೆ ಇದೆಯಂತೆ, ಒಂದಲ್ಲ, ಎರಡು. ಬೇಲಿ ಇಲ್ಲ. ಮುಂದಿನ ಭಾನುವಾರ ಇವರೂ ಅಣ್ಣನೂ ಹೋಗಿ ನೋಡಿ ಬರುತ್ತಾರೆ. ಅತ್ತೆಗೆ ಒಳಗೆ ಮಂಚ ತಯಾರು. ಊಟ, ಕಥೆ, ಆಟ ಎಲ್ಲ ನಮ್ಮ ಜೊತೆ, ನಿದ್ದೆ ಬಂದಾಗ ಒಳಗೆ ಹೋಗುತ್ತಾರೆ. ಅವರಿಗೂ ಇದು ಇಷ್ಟವಾಯಿತು.

ಇನ್ನೆರಡು ಪ್ರಶ್ನೆ. ಮಕ್ಕಳಿಗೆ ಬೆಂಕಿ ಬೇಕೇ ಬೇಕಂತೆ. ಮಾಷ್ಟ್ರು ಪದವಿನ ಮೇಲೆ ಆಗುವುದಿಲ್ಲ ಅಂದಿರಿ, ಬಣವೆಯ ಜಾಗದಲ್ಲಿ ಹಾಕಬಹುದಾ? ಮತ್ತೆ ಅಡುಗೆ. ಅತ್ತಿಗೆ ಕೇಳಿದ್ದು, ಅಲ್ಲೇ ಎಲ್ಲ ಮಾಡುವುದಾ, ಮನೆಯಿಂದ ಕಟ್ಟಿಕೊಂಡು ಹೋಗುವುದಾ ಅಂತ.

ಪದವಿನ ಮಾಷ್ಟ್ರು:

ಕೋರೆ ನೋಡಲು ಹೋಗುವವರ ಜೊತೆ ನಿಮ್ಮ ಮಗನನ್ನೂ ಕಳಿಸಿ. ಆರನೇ ಕ್ಲಾಸಿನವನು ಬಟ್ಟೆ ಕಟ್ಟಲು ಕೈಜೋಡಿಸಿದರೆ ಆಮೇಲೆ ಸಣ್ಣವರನ್ನು ಅವನೇ ಕಾಯುತ್ತಾನೆ.

ಬೆಂಕಿ ಹಾಕಬಹುದು, ಜಾಗ ನೋಡಿ. ಡಿಸೆಂಬರಿಗೆ ಮುಳಿಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಕಿಡಿ ಸಾಕು, ಗಾಳಿ ಇದ್ದರೆ ಇಡೀ ಗುಡ್ಡಕ್ಕೆ ಹತ್ತುತ್ತದೆ, ಪಕ್ಕದವರ ಗೇರು ತೋಟವೂ ಹೋಗುತ್ತದೆ. ಅದಕ್ಕೇ ಮೇಲೆ ಬೇಡ ಅಂದದ್ದು. ಕೆಳಗೆ ಅಂಗಳದ ಅಂಚಿನಲ್ಲಿ, ಟೆಂಟಿನಿಂದ ಹತ್ತು ಹೆಜ್ಜೆ ದೂರ, ಗಾಳಿ ಟೆಂಟಿನ ಕಡೆ ಬೀಸದ ಹಾಗೆ. ಸುತ್ತ ಕಸ ಗುಡಿಸಿ ನೆಲ ಕಾಣುವ ಹಾಗೆ ಮಾಡಿ, ಕೆಂಪುಕಲ್ಲು ಸುತ್ತ ಇಡಿ. ಹೊಳೆಯಿಂದ ತಂದ ನುಣುಪು ಕಲ್ಲು ಬೇಡ. ಒಳಗೆ ನೀರು ಹಿಡಿದಿದ್ದರೆ ಕಾದಾಗ ಸಿಡಿಯುತ್ತದೆ. ಎರಡು ಬಕೆಟ್ ನೀರು ಪಕ್ಕದಲ್ಲೇ ಇರಲಿ. ಸೌದೆಗೆ ತೆಂಗಿನ ಗೆರಟೆ ಬಹಳ ಒಳ್ಳೆಯದು, ಹೊಗೆ ಕಡಿಮೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಹಲಸಿನ ಹಪ್ಪಳ ಸುಡಲು ಆ ಕೆಂಡವೇ ಬೇಕು. ಹಪ್ಪಳವನ್ನು ಇಕ್ಕಳದಲ್ಲಿ ಹಿಡಿದು ಅಂಚು ಮೊದಲು, ನಡು ಆಮೇಲೆ. ಒಂದೊಂದು ಮಗುವಿಗೆ ಒಂದೊಂದು ಹಪ್ಪಳ ಸುಡಲು ಕೊಡಿ, ದೊಡ್ಡವರು ಪಕ್ಕದಲ್ಲಿ ಕುಳಿತು. ಸಂಜೆ ಸೊಳ್ಳೆಗೆ ಒಂದಿಷ್ಟು ತೆಂಗಿನ ಸಿಪ್ಪೆಯ ಹೊಗೆ ಹಾಕಿ. ಮಲಗುವ ಮೊದಲು ನೀರು ಹೊಯ್ದು, ಬೂದಿ ಕೆದಕಿ, ಮತ್ತೆ ನೀರು ಹೊಯ್ದು, ಕೈ ಹತ್ತಿರ ತಂದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ಟೆಂಟಿನ ಒಳಗೆ ಕೆಂಡದ ಬಾಣಲೆ, ಗ್ಯಾಸ್ ಒಲೆ, ಸೊಳ್ಳೆಬತ್ತಿ ಯಾವುದೂ ಬೇಡ. ಬಟ್ಟೆ ಹತ್ತಿಕೊಳ್ಳುತ್ತದೆ, ಮುಚ್ಚಿದ ಜಾಗದಲ್ಲಿ ವಿಷಗಾಳಿಯೂ ತುಂಬುತ್ತದೆ.

ಅಡುಗೆ ಅರ್ಧ ಮನೆಯಲ್ಲಿ, ಅರ್ಧ ಅಲ್ಲಿ. ಕುಚ್ಚಲಕ್ಕಿ ಅಲ್ಲಿ ಬೇಯಿಸಲು ಹೋಗಬೇಡಿ, ಸಣ್ಣ ಒಲೆಯಲ್ಲಿ ಗ್ಯಾಸ್ ಮುಗಿದರೂ ಅನ್ನ ಬೇಯುವುದಿಲ್ಲ. ಬೆಳ್ತಿಗೆ ಅಕ್ಕಿ ಬೇಗ ಆಗುತ್ತದೆ. ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಹಪ್ಪಳ. ರಾತ್ರಿಗೆ ಅಷ್ಟೇ ಧಾರಾಳ. ತರಕಾರಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿ, ಅಲ್ಲಿ ಕತ್ತಲಲ್ಲಿ ಚೂರಿ ಹಿಡಿಯುವ ಕೆಲಸ ಇರಬಾರದು. ಬೆಳಿಗ್ಗೆಗೆ ಸಜ್ಜಿಗೆ ಅವಲಕ್ಕಿ, ನೇಂದ್ರ ಬಾಳೆಹಣ್ಣು, ಚಹಾ. ಹಾಳೆತಟ್ಟೆ ತನ್ನಿ, ತೊಳೆಯುವ ಕೆಲಸವಿಲ್ಲ, ದನ ಇದ್ದರೆ ತಟ್ಟೆಯ ಜೊತೆ ಬಾಳೆಹಣ್ಣಿನ ಸಿಪ್ಪೆಯೂ ಅದಕ್ಕೆ. ಉಳಿದ ಊಟ, ಬಾಳೆಹಣ್ಣು, ಬಿಸ್ಕತ್ತು ರಾತ್ರಿ ಟೆಂಟಿನಲ್ಲಿ ಇಡಬೇಡಿ. ಇರುವೆ, ಇಲಿ ಬರುತ್ತವೆ, ಆ ಭಾಗದಲ್ಲಿ ಹಂದಿಯೂ ಇದೆ. ಮನೆಯೊಳಗೋ ಕಾರಿನಲ್ಲೋ ಇಡಿ.

ಹೋಗುವ ಮೊದಲು ನೀರ್ಚಾಲಿನ ಅಂಗಳದಲ್ಲಿ ಒಮ್ಮೆ ಟೆಂಟ್ ನಿಲ್ಲಿಸಿ. ಮಕ್ಕಳ ಕೈಯಲ್ಲೇ ಮಾಡಿಸಿ. ಮೇಲಿನ ಹೊದಿಕೆಗೆ ಬಕೆಟ್ ನೀರು ಹೊಯ್ದು ಹೊಲಿಗೆಯಲ್ಲಿ ಇಳಿಯುತ್ತದಾ ನೋಡಿ. ಒಂದು ರಾತ್ರಿ ಎಲ್ಲರೂ ಅದರಲ್ಲೇ ಮಲಗಿ. ಮಗಳಿಗೆ ಕತ್ತಲೆಯ ಭಯ ಇದೆಯಾ, ಯಾರಿಗೆ ಎಷ್ಟು ಹೊದಿಕೆ ಬೇಕು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಗಾಳಿ ಆಡಲು ಇರುವ ಜಾಲರಿಯ ಕಿಟಕಿ ಮುಚ್ಚಬೇಡಿ. ಮುಚ್ಚಿದರೆ ಉಸಿರಿನ ನೀರೇ ಒಳಗೆ ತೊಟ್ಟಿಕ್ಕುತ್ತದೆ, ಜನ ಟೆಂಟ್ ಸೋರುತ್ತದೆ ಅಂದುಕೊಳ್ಳುತ್ತಾರೆ.

ಪುತ್ತೂರಿನ ಚಿಕ್ಕಮ್ಮ:

ದಿನದ ಬಗ್ಗೆ ಒಂದು ಮಾತು. ನಮ್ಮ ಮಕ್ಕಳಿಗೆ ಶನಿವಾರ ಅರ್ಧ ದಿನ ಶಾಲೆ ಉಂಟು. ಮಧ್ಯಾಹ್ನ ಮನೆಗೆ ಬಂದು ಉಂಡು ಹೊರಟರೂ ಪೆರ್ಲಕ್ಕೆ ಸಂಜೆಯೊಳಗೆ ಆರಾಮಾಗಿ ಮುಟ್ಟುತ್ತಾರೆ. ನಿಮ್ಮವರು ಬೆಳಿಗ್ಗೆಯೇ ಹೋಗಿ ಟೆಂಟ್ ಎಲ್ಲ ಕಟ್ಟಿ ಮುಗಿಸಬೇಡಿ, ಅವರ ಟೆಂಟ್ ಅವರೇ ಕಟ್ಟಲಿ. ಎಪ್ರಿಲ್ ರಜೆಗೆ ಎರಡೂ ಕಡೆಯ ಮಕ್ಕಳು ಬಿಡುವಾಗಿರುತ್ತಾರೆ, ಆಗ ಮಾಡಬಾರದಾ ಅಂತ ನಮ್ಮಲ್ಲೂ ಮಾತು ಬಂದಿತ್ತು. ಮಾಷ್ಟ್ರು ಏನು ಹೇಳುತ್ತಾರೆ?

ಪದವಿನ ಮಾಷ್ಟ್ರು:

ಎಪ್ರಿಲ್, ಮೇ ಬೇಡಮ್ಮ. ಸೆಕೆಗೆ ಟೆಂಟಿನೊಳಗೆ ಕೂರಲು ಆಗುವುದಿಲ್ಲ, ಮತ್ತೆ ಸಂಜೆ ಸಿಡಿಲು. ತುಲಾ ತಿಂಗಳ, ಅಂದರೆ ಅಕ್ಟೋಬರ್, ನವೆಂಬರಿನ ಮಳೆಯಲ್ಲೂ ಸಿಡಿಲು ಹಾಗೆಯೇ. ಪದವು ಅಂದರೆ ಸುತ್ತ ಮರವಿಲ್ಲದ ಎತ್ತರ, ಸಿಡಿಲಿಗೆ ನಾವೇ ಸಿಗುವುದು. ಟೆಂಟ್ ಸಿಡಿಲಿಗೆ ಏನೇನೂ ರಕ್ಷಣೆಯಲ್ಲ. ಗುಡುಗು ಕೇಳಿದ ಕೂಡಲೇ ಮನೆಯೊಳಗೆ, ಇಲ್ಲವೇ ತಗಡಿನ ಚಾವಣಿ ಇರುವ ಕಾರಿನೊಳಗೆ ಹೋಗಬೇಕು. ಕಡೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಡಿಸೆಂಬರ್, ಜನವರಿಯೇ ನಮಗೆ ಒಳ್ಳೆಯ ಕಾಲ. ಆಕಾಶವೂ ಶುಭ್ರ, ರಾತ್ರಿ ಊಟ ಮುಗಿಯುವಾಗ ಕೃತ್ತಿಕೆ ನೆತ್ತಿಯ ಹತ್ತಿರ ಬಂದಿರುತ್ತದೆ.

ಭಾನುವಾರ ಬೆಳಿಗ್ಗೆ ಟೆಂಟ್ ಬಿಚ್ಚಲು ಅವಸರ ಮಾಡಬೇಡಿ. ಇಬ್ಬನಿಯಲ್ಲಿ ಒದ್ದೆಯಾಗಿರುತ್ತದೆ. ಬಿಸಿಲು ಬಂದು ಎರಡೂ ಬದಿ ಒಣಗಿದ ಮೇಲೆ ಮಡಚಿ. ಬೇಗ ಹೊರಡಲೇಬೇಕಾದರೆ ಮನೆಗೆ ಹೋದ ದಿನವೇ ಅಂಗಳದಲ್ಲಿ ಬಿಡಿಸಿ ಹಾಕಿ. ಒದ್ದೆ ಟೆಂಟ್ ಚೀಲದಲ್ಲೇ ಉಳಿದರೆ ನಮ್ಮ ಹವೆಗೆ ಬೂಸ್ಟು ಹಿಡಿಯುತ್ತದೆ, ಆ ವಾಸನೆ ಆಮೇಲೆ ಹೋಗುವುದೇ ಇಲ್ಲ.